ಆಟದ ಬಯಲಿನಿಂದ ರಣರಂಗಕ್ಕೆ

ನವಲಗುಂದ, ಅಣ್ಣಿಗೇರಿಗಳ ಎರೆಯ ಬಯಲಿನಲ್ಲಿಯೂ ಇಂದು ಹುಡುಗರು ಕ್ರಿಕೆಟ್ಟಿಗೆ ನೆರೆಯುತ್ತಾರೆ. ಹಣಕ್ಕಲ್ಲ, ಆಟದ ಸಂತೋಷಕ್ಕೆಂದೇ ಆಡುವವರು ಅವರು. ಹಾಗೆ ಆಡಿ ಲೋಕಪ್ರಸಿದ್ಧನಾಗಿ, ಕಡೆಗೆ ಸಮರದಲ್ಲಿ ಮಡಿದ ಎ. ಇ. ಜೆ. ಕಾಲಿನ್ಸನ ಚರಿತ್ರೆಯನ್ನು ಈ ದಿನ ನಾವು ಪರ್ಯಾಲೋಚಿಸೋಣ.

ಕಾಲಿನ್ಸನು ಜನಿಸಿದುದು 1885ರ ಆಗಸ್ಟ್ 18ರಂದು, ನಮ್ಮ ದೇಶದ ಹಜಾರಿಬಾಗದಲ್ಲಿ. ತಂದೆ ಇಂಡಿಯನ್ ಸಿವಿಲ್ ಸರ್ವಿಸಿನ ನ್ಯಾಯಾಧೀಶರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕ್ಲಿಫ್ಟನ್ ಕಾಲೇಜನ್ನು ಸೇರುವ ವೇಳೆಗೆ ಬಾಲಕನು ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡಿದ್ದನು. ಅಲ್ಲಿ 1899ರ ಜೂನ್ 22ರಂದು ವಿದ್ಯಾರ್ಥಿನಿಲಯಗಳ ನಡುವಣ ಪಂದ್ಯವೊಂದು ಮೊದಲಾಯಿತು. ಹದಿಮೂರು ವಯಸ್ಸಿನ ಈ ಹುಡುಗನು ಹಲವು ದಿನಗಳಲ್ಲಿ ಒಟ್ಟು 6 ಗಂಟೆ 50 ನಿಮಿಷ ದಾಂಡು ಹಿಡಿದು ನಿಂತು, ಔಟಾಗದೆ 628 ಓಟಗಳನ್ನು ಗಳಿಸಿದನು. ತಂಡದ ಮೊತ್ತ 836. ಅವನ ಹೊಡೆತಗಳಲ್ಲಿ 146 ಎರಡೆರಡು ಓಟಗಳವು, 33 ಮೂರು ಮೂರು ಓಟಗಳವು. ಇದರಿಂದ ಅವನ ದಮ್ಮನ್ನು ಊಹಿಸಬಹುದು. ಅದೇ ಪಂದ್ಯದಲ್ಲಿ 11 ವಿಕೆಟ್ಟುಗಳೂ ಅವನವೇ. ಲೆಕ್ಕವು ಇಪ್ಪತ್ತು ಹೆಚ್ಚೋ ಕಡಿಮೆಯೋ ಇರಬಹುದೆಂದು ಲೆಕ್ಕ ಬರೆದವನೇ ಒಪ್ಪಿಕೊಂಡನು.

ಇಷ್ಟಾದರೂ ಕಾಲಿನ್ಸನು ಪ್ರಥಮ ದರ್ಜೆಯ ಪಂದ್ಯವೊಂದನ್ನೂ ಆಡಲಿಲ್ಲ. ಅವನು ಆರಿಸಿಕೊಂಡ ವೃತ್ತಿ ಸೈನ್ಯದ್ದು. ರಾಯಲ್ ಎಂಜಿನಿಯರ್ಸಿನ ಅಧಿಕಾರಿಯಾಗಿ ಹಿಂದೂಸ್ಥಾನಕ್ಕೆ ಮರಳಿ, 2ನೆಯ ಸ್ಯಾಪರ್ಸ್ ಮತ್ತು ಮೈನರ್ಸ್ ದಳದಲ್ಲಿ ಸೇವೆ ಸಲ್ಲಿಸಿದನು. ಆ ದಳದ ನೆಲೆಯೇ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಸಮೀಪವಿದ್ದಿತು. 1914ರ ವಸಂತದಲ್ಲಿ ಅವನ ವಿವಾಹವಾಯಿತು. ಅದೇ ನವೆಂಬರ್ 11ರಂದು ಬೆಲ್ಜಿಯಮಿನ ಈಪ್ರ್ ಕಾಳಗದಲ್ಲಿ, ಕಂದಕದ ಪಾರ್ಶ್ವವನ್ನು ಕಾಯಲು ಇನ್ನಷ್ಟು ಜನರನ್ನು ಸನ್ನೆಮಾಡಿ ಕರೆಯುತ್ತಿರುವಾಗ ಅವನು ಹತನಾದನು. ವಯಸ್ಸು ಇಪ್ಪತ್ತೊಂಬತ್ತು.

ಕ್ಲಿಫ್ಟನ್ನಿನ ಹಳೆಯ ವಿದ್ಯಾರ್ಥಿಯಾದ ಹೆನ್ರಿ ನ್ಯೂಬೋಲ್ಟ್ ಕವಿಯು ಆಟದ ಬಯಲಿನ ನಿಷ್ಠೆಯನ್ನೇ ರಣರಂಗಕ್ಕೂ ಹೊಂದಿಸಿ ಹಾಡಿದ್ದನು. ಆ ಪೀಳಿಗೆಯ ಯುವಕರು ಅದನ್ನು ನಂಬಿ ಬೆಳೆದರು. ಆ ಹೋಲಿಕೆಯನ್ನು ನಾವು ಒಪ್ಪಲಾರೆವು. ಆಟದಲ್ಲಿ ಔಟಾದವನು ಜತೆಗಾರರ ಬಳಿಗೆ ಹಿಂದಿರುಗಿ ಕುಳಿತು ಉಳಿದ ಆಟವನ್ನು ನೋಡುತ್ತಾನೆ. ಕಾಲಿನ್ಸನ ದೇಹವೂ ದೊರೆಯಲಿಲ್ಲ. ಈಪ್ರಿನ ಮೆನಿನ್ ದ್ವಾರದಲ್ಲಿ, ಗೋರಿಯಿಲ್ಲದ 54,000ಕ್ಕೂ ಹೆಚ್ಚು ಯೋಧರ ಹೆಸರುಗಳ ನಡುವೆ ಅವನ ಹೆಸರೂ ಕೆತ್ತಲ್ಪಟ್ಟಿದೆ. ಹಿಂದೂಸ್ಥಾನದ ಸಿಪಾಯಿಗಳ ಹೆಸರುಗಳೂ ಅಲ್ಲಿವೆ.

2016ರ ಜನವರಿಯಲ್ಲಿ ಮುಂಬಯಿಯ ಬಳಿಯ ಕಲ್ಯಾಣದಲ್ಲಿ ಪ್ರಣವ್ ಧನಾವಡೆಯೆಂಬ ಶಾಲಾ ಬಾಲಕನು ಔಟಾಗದೆ 1009 ಓಟಗಳನ್ನು ಗಳಿಸಿ ಆ ಹಳೆಯ ದಾಖಲೆಯನ್ನು ಮುರಿದನು. ಕಾಲಿನ್ಸನ 628 ಓಟಗಳು ನೂರ ಹದಿನಾರು ವರ್ಷ ಬಾಳಿದುವು. ಅವುಗಳನ್ನು ಗಳಿಸಿದವನಿಗೆ ಮೂವತ್ತೂ ತುಂಬಲಿಲ್ಲ.