ದೂಡು, ಲೋಟ್, ಧಕ್ಕೆ

ಕಳೆದ ಮಳೆಗಾಲ ಮಲ್ಲಾಪುರದ ಪೇಟೆಯಲ್ಲಿ ಟೆಂಪೊ ಒಂದು ಕೆಟ್ಟು ನಿಂತಿತ್ತು. "ಒಂಚೂರು ದೂಡಿ ಮಾರಾಯ್ರೆ" ಎಂದ ಡ್ರೈವರ್. ಮೀನಿನ ಬುಟ್ಟಿ ಇಳಿಸಿಟ್ಟು ಕೈಜೋಡಿಸಿದ ಹೆಂಗಸು ಪಕ್ಕದವನಿಗೆ ಕೊಂಕಣಿಯಲ್ಲಿ "ಲೋಟ್" ಎಂದಳು. ಕೈಗಾ ಅಣುಸ್ಥಾವರದ ಟೌನ್‌ಶಿಪ್ಪಿನ ಹುಡುಗನೊಬ್ಬ "ಧಕ್ಕಾ ಮಾರೋ" ಎಂದು ಕೂಗಿದ, ಅವನ ಗೆಳೆಯ "ಪುಶ್, ಪುಶ್" ಎಂದ. ಟೆಂಪೊ ಕದಲಿತು.

ಪುಶ್ ಎಂಬುದರ ಬೇರು ಲ್ಯಾಟಿನ್ನಿನ 'ಪುಲ್ಸಾರೆ'; ಬಡಿ, ತಳ್ಳು ಎಂದರ್ಥ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಡಾಕ್ಟರು ಮಣಿಕಟ್ಟು ಹಿಡಿದು ನೋಡುವ 'ಪಲ್ಸ್' ಅದರ ಒಡಹುಟ್ಟು. ಬಾಗಿಲಿಗೂ ಪುಶ್, ಗುಂಡಿಗೂ ಪುಶ್. ಕನ್ನಡಕ್ಕೆ ಅಷ್ಟು ಸಾಲದು. ಗುಂಡಿಯನ್ನು ಒತ್ತುತ್ತೇವೆ, ಬಾಗಿಲನ್ನು ತಳ್ಳುತ್ತೇವೆ. ಅರ್ಜಿಯನ್ನು ತಳ್ಳಿಹಾಕುತ್ತಾರೆ, ಸಭೆಯನ್ನು ಮುಂದೂಡುತ್ತಾರೆ. ಬೇಡದವನನ್ನು ಕುತ್ತಿಗೆ ಹಿಡಿದು ದಬ್ಬುತ್ತಾರೆ. ಕೈಯಲ್ಲಿ ಕಾಸಿಲ್ಲದವರು ದಿನ ದೂಡುತ್ತಾರೆ. ಇಂಗ್ಲಿಷಿನ ಮಾತು ತಳ್ಳುವ ಕೈಯನ್ನಷ್ಟೇ ನೋಡುತ್ತದೆ. ನಮ್ಮವು ತಳ್ಳಿಸಿಕೊಂಡದ್ದರ ಗತಿಯನ್ನೂ ನೋಡುತ್ತವೆ.

ಇವುಗಳಲ್ಲಿ ನನಗೆ ದೂಡು ಬಲು ಇಷ್ಟ. ಅದರಲ್ಲಿ ಸಿಟ್ಟಿಲ್ಲ, ತಾಳ್ಮೆಯಿದೆ. ಅಂಥ ತಾಳ್ಮೆಯ ದೂಡು ಕೈಗಾ ಸ್ಥಾವರದಲ್ಲೂ ಇದೆ. ಅಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಒಂದೊಂದರ ಒಡಲಲ್ಲಿ 306 ಅಡ್ಡ ಕೊಳವೆಗಳು, ಪ್ರತಿ ಕೊಳವೆಯಲ್ಲಿ ಸಾಲಾಗಿ 12 ಇಂಧನದ ಕಟ್ಟುಗಳು. ಸ್ಥಾವರ ನಡೆಯುತ್ತಿರುವಾಗಲೇ ಯಂತ್ರವು ಒಂದು ತುದಿಯಿಂದ ಹೊಸ ಕಟ್ಟು ದೂಡುತ್ತದೆ, ಉರಿದು ಮುಗಿದದ್ದು ಇನ್ನೊಂದು ತುದಿಯಲ್ಲಿ ಹೊರಬೀಳುತ್ತದೆ. ಇಂಧನಕ್ಕೆಂದು ನಿಲ್ಲಿಸಬೇಕಿಲ್ಲದ್ದರಿಂದಲೇ ಮೊದಲನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಕಟ್ಟುಗಳನ್ನು ಹೀಗೆ ಸಾಗಿಸುವ ಕೆಲಸಕ್ಕೆ ನೂಕು, ದಬ್ಬು ಒಗ್ಗುವುದಿಲ್ಲ. ದೂಡು ಅಂದರೇನೇ ಸರಿ.

ಧಕ್ಕಾದ ಕಥೆ ಬೇರೆ. ಹಿಂದಿಯಲ್ಲಿ ಅದು ನೂಕೂ ಹೌದು, ಆಘಾತವೂ ಹೌದು. ಕನ್ನಡಕ್ಕೆ ಬಂದು ಧಕ್ಕೆಯಾದ ಮೇಲೆ ಮೈಗಿಂತ ಮಾನಕ್ಕೇ ಹೆಚ್ಚು ತಾಗಿತು: ಗೌರವಕ್ಕೆ ಧಕ್ಕೆ, ನಂಬಿಕೆಗೆ ಧಕ್ಕೆ. ಕೆಟ್ಟ ಟೆಂಪೊಗೆ ಧಕ್ಕೆ ಕೊಡಿ ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ. ಆದರೆ ಕರಾವಳಿಯಲ್ಲಿ ಧಕ್ಕೆ ಎಂದರೆ ದೋಣಿ ಬಂದು ತಾಗುವ ಕಟ್ಟೆಯೂ ಹೌದು. ಮರಾಠಿಯ 'ಧಕ್ಕಾ'ದಲ್ಲೂ ಈ ಎರಡು ಅರ್ಥಗಳಿವೆ; ಮುಂಬಯಿಯ ಭಾವೂಚಾ ಧಕ್ಕಾ ದೋಣಿಕಟ್ಟೆಯೇ. ಒಂದೇ ಮಾತಿನಲ್ಲಿ ಮನಸ್ಸಿನ ನೋವೂ ದಡ ಸೇರುವ ಜಾಗವೂ ಕೂಡಿರುವುದನ್ನು ನೆನೆದಾಗಲೆಲ್ಲ ನನಗೆ ಬೆರಗು.

ಟೆಂಪೊ ಹೊರಟ ಮೇಲೆ ಆ ಹೆಂಗಸು ಅಂಗೈಯ ಮಸಿಯನ್ನು ಮಳೆನೀರಿಗೆ ಹಿಡಿದು ತೊಳೆದುಕೊಂಡಳು. ಮೀನು ಎಲ್ಲಿಯದು ಎಂದು ಕೇಳಿದೆ. ಬುಟ್ಟಿಯನ್ನು ತಲೆಗೇರಿಸುತ್ತ, "ಬೆಳಿಗ್ಗೆ ಧಕ್ಕೆಯಲ್ಲಿ ಕೊಂಡದ್ದು" ಎಂದಳು.