ಕಚ್ಛು, ಕೋಠ, ಕೋಢ: ಹಸ್ತಪ್ರತಿಗಳಲ್ಲಿ ಚರ್ಮರೋಗಗಳ ಅರ್ಥನಿರ್ಣಯ

ವೈದ್ಯಗ್ರಂಥಗಳ ಓಲೆಗರಿಗಳನ್ನು ಪರಿಶೀಲಿಸುವವರಿಗೆ ‘ಕುಷ್ಠ’ ಎಂಬ ಶಬ್ದವು ಮೇಲಿಂದ ಮೇಲೆ ಎದುರಾಗುತ್ತದೆ. ಸೂಚಿಪತ್ರಗಳಲ್ಲಿಯೂ ಅನುವಾದಗಳಲ್ಲಿಯೂ ಅದಕ್ಕೆ ಇಂದಿನ ಕುಷ್ಠರೋಗವೆಂಬ ಒಂದೇ ಅರ್ಥವನ್ನು ಬರೆದುಬಿಡುವ ವಾಡಿಕೆಯುಂಟು. ಶಾಸ್ತ್ರದೃಷ್ಟಿಯಿಂದ ಇದು ಯುಕ್ತವಲ್ಲ. ಪ್ರಾಚೀನರ ಪಾಲಿಗೆ ಕುಷ್ಠವೆಂಬುದು ಒಂದು ರೋಗದ ಹೆಸರಲ್ಲ, ಒಂದು ವರ್ಗದ ಹೆಸರು. ಕೆಲವು ದಿನಗಳಲ್ಲಿ ಶಮನವಾಗುವ ತುರಿಯಿಂದ ಮೊದಲ್ಗೊಂಡು ಅಂಗಹಾನಿಯನ್ನು ತರುವ ವ್ಯಾಧಿಯವರೆಗೆ ಎಲ್ಲವೂ ಅದರಲ್ಲಿ ಅಡಕವಾಗಿವೆ. ಈ ಭೇದವನ್ನು ಅರಿಯದಿದ್ದರೆ ಗ್ರಂಥಕ್ಕೂ ಅನ್ಯಾಯ, ರೋಗಿಗೂ ಅನ್ಯಾಯ.

ಚರಕ, ಸುಶ್ರುತ, ವಾಗ್ಭಟ ಈ ಮೂವರೂ ಕುಷ್ಠಗಳನ್ನು 18 ಎಂದು ಎಣಿಸಿ, 7ನ್ನು ಮಹಾಕುಷ್ಠಗಳೆಂದೂ 11ನ್ನು ಕ್ಷುದ್ರಕುಷ್ಠಗಳೆಂದೂ ವಿಭಾಗಿಸಿದ್ದಾರೆ. ಸಂಖ್ಯೆಯಲ್ಲಿ ಒಮ್ಮತವಿದ್ದರೂ ಗಣನೆಯಲ್ಲಿ ಇಲ್ಲ. ಚರಕನು ಸಿಧ್ಮವನ್ನು ಮಹಾಕುಷ್ಠಗಳಲ್ಲಿಯೂ ದದ್ರುವನ್ನು ಕ್ಷುದ್ರಕುಷ್ಠಗಳಲ್ಲಿಯೂ ಇರಿಸಿದರೆ, ಸುಶ್ರುತ ವಾಗ್ಭಟರು ಅದನ್ನು ತಿರುವುಮುರುವು ಮಾಡಿದ್ದಾರೆ. ವಿಚರ್ಚಿಕೆಯು ಚರಕನಲ್ಲಿ ಬಹುಸ್ರಾವವುಳ್ಳದ್ದು. ಸುಶ್ರುತನಲ್ಲಿ ರೂಕ್ಷವಾದ ಗೆರೆಗಳುಳ್ಳದ್ದು. ಆದುದರಿಂದ ಹಸ್ತಪ್ರತಿಯಲ್ಲಿ ಒಂದು ರೋಗನಾಮವು ದೊರೆತಾಗ, ಆ ಗ್ರಂಥಕರ್ತನು ಯಾವ ಸಂಹಿತೆಯನ್ನು ಅನುಸರಿಸುತ್ತಾನೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯನ ‘ಕಲ್ಯಾಣಕಾರಕ’ವನ್ನಾಗಲಿ, ಜಗದ್ದಳ ಸೋಮನಾಥನ ಕನ್ನಡ ಕಲ್ಯಾಣಕಾರಕವನ್ನಾಗಲಿ ಓದುವಾಗ ಈ ಎಚ್ಚರವು ಅವಶ್ಯ.

ಆಗಮಗಳಲ್ಲಿ ತುರಿಗೂ ಕುಷ್ಠಕ್ಕೂ ಇರುವ ಅಂತರವು ಸ್ಪಷ್ಟವಾಗಿಯೇ ಇದೆ. ವಿಪಾಕಸೂತ್ರದ ಹದಿನಾರು ರೋಗಗಳ ಪಟ್ಟಿಯಲ್ಲಿ ‘ಕಂಡೂ’ ಎಂಬುದು ಒಂದು, ‘ಕೋಢ’ ಎಂಬುದು ಬೇರೊಂದು. ಮೊದಲನೆಯದು ತುರಿ, ಎರಡನೆಯದು ಕುಷ್ಠದ ಪ್ರಾಕೃತರೂಪ. ಕಥಾಸಾಹಿತ್ಯದಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. ಸನತ್ಕುಮಾರ ಚಕ್ರವರ್ತಿಯು ನೂರು ವರ್ಷ ಸಹಿಸಿದ ವೇದನೆಗಳನ್ನು ‘ಭಗವತೀ ಆರಾಧನೆ’ಯ ಗಾಹೆಯೊಂದು ಹೇಳುತ್ತದೆ. ಕಚ್ಛು, ಜ್ವರ, ಕಾಸ, ಶೋಷ, ಅನ್ನದ ಅರುಚಿ, ನೇತ್ರಪೀಡೆ, ಉದರಪೀಡೆ ಎಂಬುದು ಅಲ್ಲಿಯ ಕ್ರಮ. ಅಲ್ಲಿ ಮೊದಲು ಬರುವುದು ಕಚ್ಛು, ಎಂದರೆ ತೀವ್ರವಾದ ತುರಿ. ಕುಷ್ಠವೆಂಬ ಮಾತೇ ಇಲ್ಲ. ಕನ್ನಡದ ‘ವಡ್ಡಾರಾಧನೆ’ಯ 19 ಕಥೆಗಳಿಗೆ ಮೂಲವಾದ ಗಾಹೆಗಳಲ್ಲಿ ಇದೂ ಒಂದು. ಜನಪ್ರಿಯ ಕಥನಗಳಲ್ಲಿ ಸನತ್ಕುಮಾರನಿಗೆ ಕುಷ್ಠವೇ ಬಂದಿತೆಂದು ಹೇಳುವುದು ರೂಢಿಯಾಗಿದೆ. ಇದಕ್ಕೆ ಪ್ರತಿಯಾಗಿ, ವಿಕ್ರಮಸಂವತ್ 1428ರಲ್ಲಿ ರತ್ನಶೇಖರಸೂರಿ ರಚಿಸಿದ ‘ಸಿರಿಸಿರಿವಾಲಕಹಾ’ದಲ್ಲಿ ಶ್ರೀಪಾಲನು ‘ಉಂಬರ’ನೆನಿಸಿಕೊಳ್ಳುತ್ತಾನೆ. ಉಂಬರವೆಂದರೆ ಔದುಂಬರ, ಏಳು ಮಹಾಕುಷ್ಠಗಳಲ್ಲಿ ಒಂದು. ಒಬ್ಬನದು ಕಚ್ಛು, ಮತ್ತೊಬ್ಬನದು ಮಹಾಕುಷ್ಠ. ಎರಡನ್ನೂ ಒಂದೇ ಶಬ್ದದಿಂದ ಅನುವಾದಿಸಿದರೆ ಪೂರ್ವಾಚಾರ್ಯರ ವಿವೇಕವು ಮರೆಯಾಗುತ್ತದೆ. ಕಚ್ಛುವೆಂದರೆ ಲಘುವೆಂದು ತಿಳಿಯಬೇಕಾಗಿಲ್ಲ. ಪ್ರಾಣವನ್ನು ಕೊಳ್ಳದೆ ನಿದ್ದೆಯನ್ನು ಕೆಡಿಸುವ ವೇದನೆಯನ್ನು ಸಹಿಸುವುದೇ ಕಠಿನವೆಂಬುದನ್ನು ಬಲ್ಲವರು, ತುರಿಸಿಕೊಳ್ಳದೆ ಇರುವುದನ್ನು ಕಾಯಕ್ಲೇಶ ತಪಸ್ಸಿನಲ್ಲಿ ಸೇರಿಸಿದರು.

ಲಿಪಿಯಿಂದ ಒದಗುವ ತೊಡಕು ಬೇರೆಯೇ ಇದೆ. ‘ಕೋಠ’ವೆಂಬುದು ಸಂಸ್ಕೃತ ಶಬ್ದ, ಮೈಮೇಲೆ ಥಟ್ಟನೆ ಎದ್ದು ಅಡಗುವ ಗಂದೆಗಳು. ಮಾಧವನಿದಾನವು ಇದನ್ನು ಶೀತಪಿತ್ತ, ಉದರ್ದಗಳೊಡನೆ ಬೇರೊಂದು ಪ್ರಕರಣದಲ್ಲಿ ನಿರೂಪಿಸುತ್ತದೆ. ಕೋಠಕ್ಕೂ ಕೋಢಕ್ಕೂ ಅಂತರ ಒಂದೇ ಅಕ್ಷರ. ಹಳೆಯ ಕನ್ನಡ ಓಲೆಗಳಲ್ಲಿ ಒಕಾರದ ಹ್ರಸ್ವದೀರ್ಘಭೇದವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಡಕಾರ ಢಕಾರಗಳಿಗೆ ಒಂದು ಚಿಕ್ಕ ಗೀರು ಮಾತ್ರವೇ ವ್ಯತ್ಯಾಸ. ಸಾಲದುದಕ್ಕೆ, ಚರಕನು ಕುಷ್ಠದ ಪೂರ್ವರೂಪಗಳನ್ನು ಹೇಳುವಾಗ ಕೋಠಗಳನ್ನೂ ತುರಿಯನ್ನೂ ಅಲ್ಲಿಯೇ ಎಣಿಸಿದ್ದಾನೆ. ಔಷಧಯೋಗಗಳಲ್ಲಿ ಬರುವ ‘ಕುಷ್ಠ’ವಾದರೋ ರೋಗವೇ ಅಲ್ಲ, ಚಂಗಲಕೋಷ್ಠವೆಂಬ ಬೇರು. ದದ್ರುವೂ ಹೀಗೆಯೇ ಮೋಸಗೊಳಿಸುತ್ತದೆ. ಅದರ ಪ್ರಾಕೃತರೂಪ ‘ದದ್ದು’. ಆದರೆ ಇಂದಿನ ಕನ್ನಡದ ದದ್ದು ಗಂದೆಯನ್ನು ಸೂಚಿಸುತ್ತದೆ, ಶಾಸ್ತ್ರದ ದದ್ರು ಗಜಕರ್ಣವನ್ನು ಸೂಚಿಸುತ್ತದೆ.

ಇಂತಹ ಸ್ಥಳಗಳಲ್ಲಿ ಅರ್ಥನಿರ್ಣಯಕ್ಕೆ ಎರಡು ಸಾಧನಗಳಿವೆ. ಮೊದಲನೆಯದು ಔಷಧದ ಹೆಸರು. ತಗಚೆಗೆ ಸಂಸ್ಕೃತದಲ್ಲಿ ‘ದದ್ರುಘ್ನ’ವೆಂದೂ ಗಂಧಕಕ್ಕೆ ‘ಪಾಮಾರಿ’ಯೆಂದೂ ಹೆಸರು. ಕಜ್ಜಿಗೆ ಕಾರಣವಾದ ಸೂಕ್ಷ್ಮಕೀಟವನ್ನು ಇಟಲಿಯಲ್ಲಿ ಬೊನೊಮೊ 1687ರಲ್ಲಿ ವರ್ಣಿಸಿದನು. ಗಂಧಕದ ಲೇಪವು ಇಂದಿಗೂ ಆ ಕೀಟವನ್ನು ನಾಶಪಡಿಸಲು ಬಳಕೆಯಲ್ಲಿದೆ. ಆದುದರಿಂದ ಗಂಧಕಲೇಪವನ್ನು ವಿಧಿಸುವ ಪಾಮಾಪ್ರಕರಣದಲ್ಲಿ ಕಜ್ಜಿಯನ್ನು ಗ್ರಹಿಸುವುದು ಸಯುಕ್ತಿಕ.

ಎರಡನೆಯದು ಲಕ್ಷಣ. ಕೆಂಪಾಗಿ ಉಬ್ಬಿದ ತುರಿಯುಳ್ಳ ಮಂಡಲವು ದದ್ರು. ಬಿಳಿ, ಕೆಂಪು, ಕಪ್ಪು ಛಾಯೆಯ ಗುಳ್ಳೆಗಳು ಬಹುವಾಗಿ ತುರಿಸಿದರೆ ಪಾಮಾ. ಅದೇ ಉಲ್ಬಣಿಸಿ ಕೈಕಾಲುಗಳಲ್ಲಿಯೂ ಪೃಷ್ಠಭಾಗದಲ್ಲಿಯೂ ಉರಿಯುಳ್ಳ ಬೊಕ್ಕೆಗಳಾದರೆ ಸುಶ್ರುತನ ಮತದಲ್ಲಿ ಕಚ್ಛು. ಸ್ರಾವವಿಲ್ಲದೆ ಸರ್ವಾಂಗದಲ್ಲಿ ತುರಿಸಿದರೆ ರಕಸಾ. ಸ್ರವಿಸುವ ವಿಚರ್ಚಿಕೆಗೆ ಇಸುಬು ಸಮೀಪವಾದುದು. ಸ್ರಾವವಿಲ್ಲದೆ ಚರ್ಮದಲ್ಲಿಯೇ ನಿಲ್ಲುವ ಶ್ವಿತ್ರವು ತೊನ್ನು. ಇವುಗಳಿಗೆ ಆಧುನಿಕ ರೋಗನಾಮಗಳನ್ನು ಒಂದಕ್ಕೊಂದು ಸರಿಹೊಂದಿಸುವುದು ಎಲ್ಲೆಡೆಯೂ ಸಾಧ್ಯವಲ್ಲ; ಆದರೂ ದಿಕ್ಕು ನಿಚ್ಚಳವಾಗಿದೆ.

ಗುರುಲಘುತ್ವವನ್ನು ನಿರ್ಣಯಿಸುವ ಲಕ್ಷಣವೆಂದರೆ ಸ್ಪರ್ಶಜ್ಞಾನದ ನಾಶ. ಇಂದಿನ ವೈದ್ಯರೂ ಕುಷ್ಠರೋಗವನ್ನು ಶಂಕಿಸುವುದು ತುರಿಯಿಂದಲ್ಲ. ಬಣ್ಣಗೆಟ್ಟ ಮಚ್ಚೆಯಲ್ಲಿ ಸ್ಪರ್ಶವು ತಿಳಿಯದಿರುವುದರಿಂದ. ಅಂತಹ ಮಚ್ಚೆಯು ಸಾಮಾನ್ಯವಾಗಿ ತುರಿಸುವುದಿಲ್ಲ, ನೋಯುವುದಿಲ್ಲ. ಆದಕಾರಣವೇ ಅದು ಉಪೇಕ್ಷೆಗೆ ಗುರಿಯಾಗುತ್ತದೆ. ರೋಗವು ಧಾತುವಿನಿಂದ ಧಾತುವಿಗೆ ಇಳಿಯುತ್ತದೆಂದೂ, ತ್ವಕ್ಕು, ರಕ್ತ, ಮಾಂಸಗಳಲ್ಲಿರುವಾಗ ಸಾಧ್ಯವೆಂದೂ, ಮೇದಸ್ಸಿನಲ್ಲಿ ಯಾಪ್ಯವೆಂದೂ, ಮೂಗು ಕುಸಿದು ಸ್ವರ ಕೆಟ್ಟ ಮೇಲೆ ಅಸಾಧ್ಯವೆಂದೂ ಸುಶ್ರುತನು ವಿವರಿಸಿದ್ದಾನೆ. ಬೇಗ ಗುರುತಿಸಬೇಕೆಂಬ ಆ ತಾತ್ಪರ್ಯಕ್ಕೆ ಇಂದಿಗೂ ಚ್ಯುತಿಯಿಲ್ಲ. ಅಸಾಧ್ಯವೆಂಬ ಮಾತು ಮಾತ್ರ ಅಂದಿನ ಕಾಲಕ್ಕೆ ಸಲ್ಲುವಂಥದು. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಈ ರೋಗದ ಜೀವಾಣುವನ್ನು ಗುರುತಿಸಿದನು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನಮಂಡಲಿಯು ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಈಗ 6 ಅಥವಾ 12 ತಿಂಗಳ ಚಿಕಿತ್ಸೆಯಿಂದ ರೋಗವು ಗುಣವಾಗುತ್ತದೆ. ತಡಮಾಡಿದಲ್ಲಿ ನರಗಳಿಗಾದ ಹಾನಿ ಮಾತ್ರ ಉಳಿದುಬಿಡುತ್ತದೆ. ಇತರ ರೋಗಗಳಲ್ಲಿಯೂ ತಾರತಮ್ಯವುಂಟು. ಕಜ್ಜಿಯು ಮನೆಯವರೆಲ್ಲರಿಗೂ ಹರಡುವುದರಿಂದ ಎಲ್ಲರಿಗೂ ಏಕಕಾಲದಲ್ಲಿ ಚಿಕಿತ್ಸೆಯಾಗಬೇಕು. ಇಸುಬು ಅಂಟುವುದಿಲ್ಲ. ಗಂದೆಗಳು ಅಡಗಿಹೋಗುವುವಾದರೂ ತುಟಿನಾಲಗೆ ಬಾತು ಉಸಿರು ಕಟ್ಟಿದರೆ ಕ್ಷಣವೂ ಕಾಯಬಾರದು.

ಕುಷ್ಠಿಯೆಂಬ ಹೆಸರು ಬಿದ್ದವನು ಮನೆಯಿಂದಲೂ ಊರಿನಿಂದಲೂ ಹೊರಗಾದುದುಂಟು. ಭಾರತದ ವಿವಾಹಕಾನೂನುಗಳಲ್ಲಿ ಕುಷ್ಠರೋಗವು ವಿಚ್ಛೇದನಕ್ಕೆ ಕಾರಣವಾಗಿದ್ದು, ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಹೀಗಿರುವಾಗ ಗಜಕರ್ಣದ ಲೇಪವೊಂದರ ಮೇಲೆ ‘ಕುಷ್ಠರೋಗ ಚಿಕಿತ್ಸೆ’ ಎಂದು ಬರೆಯುವುದು ಅಕ್ಷರದೋಷವಷ್ಟೇ ಆಗದು. ಸೂಚಿಪತ್ರಕಾರರು ಮೂಲದ ರೋಗನಾಮವನ್ನು ಇದ್ದಂತೆಯೇ ಉಳಿಸಿ, ಮಹಾಕುಷ್ಠವೋ ಕ್ಷುದ್ರಕುಷ್ಠವೋ ಎಂಬುದನ್ನೂ, ತುರಿ, ಸ್ರಾವ, ಸ್ಪರ್ಶನಾಶಗಳಲ್ಲಿ ಯಾವುದನ್ನು ಗ್ರಂಥವು ಹೇಳುತ್ತದೆಂಬುದನ್ನೂ ಪಕ್ಕದಲ್ಲಿ ನಮೂದಿಸುವುದು ಉಚಿತ. ಪಾಠಶುದ್ಧಿಯೂ ಅಹಿಂಸೆಯ ಒಂದು ಅಂಗವೆಂಬುದು ಇಂತಹ ಸಂದರ್ಭಗಳಲ್ಲಿ ವಿದಿತವಾಗುತ್ತದೆ.