ಲೆವೊಥೈರಾಕ್ಸಿನ್ ಪ್ರಮಾಣ ಹೊಂದಾಣಿಕೆ
ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಸ್ರವಿಸದಿದ್ದಾಗ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ರೋಗಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡುವ ಕ್ರಮ. ವಯಸ್ಕರಿಗೆ ಪೂರ್ಣ ಪ್ರಮಾಣ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ; ವೃದ್ಧರಿಗೆ, ಹೃದ್ರೋಗಿಗಳಿಗೆ ಕಡಿಮೆಯಿಂದ ಆರಂಭಿಸುತ್ತಾರೆ. ಔಷಧದ ಅರ್ಧಾಯು ಸುಮಾರು 7 ದಿನ. ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನನ್ನು ಸ್ರವಿಸುವ ಪಿಟ್ಯುಟರಿ ಗ್ರಂಥಿ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಇನ್ನೂ ಹೆಚ್ಚು ಕಾಲ ಬೇಕು. ಹಾಗಾಗಿ ಟಿಎಸ್‌ಎಚ್ ಪರೀಕ್ಷೆ ಸಾಮಾನ್ಯವಾಗಿ ಪ್ರಮಾಣ ಬದಲಿಸಿದ 6–8 ವಾರಗಳ ನಂತರ. ಆಯಾಸ ಬೇಗ ಇಳಿಯಲಿಲ್ಲವೆಂದು ತಾವಾಗಿಯೇ ಮಾತ್ರೆ ಹೆಚ್ಚಿಸಿಕೊಳ್ಳುವುದು ಅಪಾಯಕರ: ಅತಿಯಾದರೆ ಎದೆಬಡಿತ ಏರುಪೇರಾಗಬಹುದು, ಮೂಳೆ ಸವೆಯಬಹುದು. ಟಿಎಸ್‌ಎಚ್ ಏರಿದ್ದರೆ, ಅಂದರೆ ಔಷಧ ಸಾಲದಂತೆ ಕಂಡರೆ, ಮೊದಲು ಸೇವನೆಯ ರೀತಿ ವಿಚಾರಿಸಬೇಕು. ಬೆಳಗಿನ ಕಾಫಿಯೊಂದಿಗೆ ನುಂಗಿದರೆ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಯ ಅಂತರ ಬೇಕು. ಗರ್ಭಿಣಿಯರಲ್ಲಿ ಔಷಧದ ಅಗತ್ಯ ಆರಂಭದ ವಾರಗಳಲ್ಲೇ ಏರುವುದರಿಂದ ವೈದ್ಯರನ್ನು ತಡಮಾಡದೆ ಕಾಣಬೇಕು.